ಜಾರಿದ ತೂಬು

ನೀಲಗಂಗಾ ಕಡೇಮನಿಯ ಕಾಯಿಲೆ ಅಂಗೈ ತುರಿಕೆಯಿಂದ ಶುರುವಾಯಿತು. ಗದಗಿನ ಹೆಣ್ಣುಮಕ್ಕಳ ಕುಸ್ತಿ ಗರಡಿಯಲ್ಲಿ ಆಕೆ ತರಬೇತಿ ಕೊಡುತ್ತಿದ್ದಳು. ಹುಡುಗಿಯರಿಗೆಲ್ಲ ಆಕೆ ‘ಅಕ್ಕಾರು’. ಮ್ಯಾಟು ಒರೆಸುವ ಔಷಧಿ ನೀರು ಕೈಗೆ ಆಗಿಬರುತ್ತಿಲ್ಲ ಎಂದುಕೊಂಡು ಬೇರೆ ಬಾಟಲಿ ತರಿಸಿದಳು. ತುರಿಕೆ ಅಂಗಾಲಿಗೆ ಇಳಿಯಿತು, ಬೆನ್ನಿಗೆ ಹತ್ತಿತು. ಪಟ್ಟು ಹೇಳಿಕೊಡುತ್ತಿದ್ದವಳು ನಡುವೆಯೇ ಹೋಗಿ ಕಂಬಕ್ಕೆ ಬೆನ್ನು ಉಜ್ಜಿಕೊಂಡು ಬರುತ್ತಿದ್ದಳು. ಹುಡುಗಿಯರು ನಕ್ಕರು. ಆಕೆಯೂ ನಕ್ಕಳು.

ಗಂಡ ಶಿವಪುತ್ರನದು ಮುಳಗುಂದ ನಾಕಾದ ಬಳಿ ರೊಟ್ಟಿ ಖಾನಾವಳಿ. ಮಧ್ಯಾಹ್ನದ ಗಿರಾಕಿಗಳು ಕರಗಿದ ಮೇಲೆ ಇಬ್ಬರೂ ಜೊತೆಗೆ ಊಟಕ್ಕೆ ಕೂರುವುದು ಮದುವೆಯಾದ ಹೊಸತರಿಂದ ಬಂದ ರೂಢಿ. ಅಂದು ಆಕೆ ಎಣಗಾಯಿಯನ್ನು ಪಕ್ಕಕ್ಕೆ ಸರಿಸಿ, ರೊಟ್ಟಿಯನ್ನು ಬರೀ ಮಜ್ಜಿಗೆಯಲ್ಲಿ ಅದ್ದಿ ತಿನ್ನುತ್ತಿದ್ದಳು. ಬಾಗಿಲ ಬಿಸಿಲು ಮುಖದ ಮೇಲೆ ಬಿದ್ದಿತ್ತು. ಶಿವಪುತ್ರ ತುತ್ತು ಕೈಯಲ್ಲಿ ಹಿಡಿದುಕೊಂಡೇ ಆಕೆಯನ್ನು ನೋಡಿದ.

"ನೀಲಾ, ಇತ್ತಾಗ ತಿರುಗು. ಕಣ್ಣ ಯಾಕ ಹಿಂಗ ಹಳದಿ ಆಗ್ಯಾವು?"

"ಲೈಟಿಗೆ ಹಂಗ ಕಾಣಸ್ತಾವ್ರಿ."

"ಲೈಟ್ ಎಲ್ಲೈತಿ? ಕರೆಂಟ್ ಹೋಗೇತಿ. ಬಿಸಲಾಗ ನೋಡಾಕತ್ತೀನಿ ನಾ."

ಪಕ್ಕದ ಅಂಗಡಿಯವನು ಇದು ಕಾಮಣಿ, ಹಳದಿ ರೋಗ ಎಂದು ಎಲೆ ಔಷಧ ಕೊಡುವವರ ವಿಳಾಸ ಹೇಳಿದ. ಶಿವಪುತ್ರ ಕೇಳಿಸಿಕೊಂಡ, ಆದರೆ ಹೆಂಡತಿಯನ್ನು ಕರೆದುಕೊಂಡು ಹೋದದ್ದು ಆಸ್ಪತ್ರೆಗೆ. ಅಲ್ಲಿ ಸ್ಕ್ಯಾನ್ ಮಾಡಿದವರು ಹೆಚ್ಚು ಮಾತಾಡದೆ ಧಾರವಾಡಕ್ಕೆ ಕಳಿಸಿದರು.

ಧಾರವಾಡದ ಶಸ್ತ್ರವೈದ್ಯ ಇಕ್ಬಾಲ್ ಕಿತ್ತೂರ ಸುತ್ತಿ ಬಳಸಿ ಮಾತಾಡುವವರಲ್ಲ. ಕಂಪ್ಯೂಟರಿನ ಪರದೆಯನ್ನು ಗಂಡ ಹೆಂಡತಿಯ ಕಡೆಗೆ ತಿರುಗಿಸಿದರು.

"ಹೊಟ್ಟಿ ಹಿಂದ ಮೇದೋಜ್ಜೀರಕ ಅಂತ ಒಂದು ಗ್ರಂಥಿ ಇರ್ತೈತಿ. ಅದರ ತಲಿಯೊಳಗ ಗಡ್ಡಿ ಬೆಳದೈತಿ. ಕ್ಯಾನ್ಸರ್. ಪಿತ್ತದ ನಾಳ ಅದರೊಳಗ ಹಾದು ಕರುಳಿಗೆ ಇಳೀತೈತಿ. ಗಡ್ಡಿ ಆ ನಾಳಾನ ಹಿಚುಕಿ ಹಿಡದೈತಿ. ಇಳೀಬೇಕಾದ ಪಿತ್ತ ತಿರುಗಿ ರಕ್ತಕ್ಕ ಬರಾಕತ್ತೈತಿ. ಕಣ್ಣು ಹಳದಿ ಆಗಿದ್ದು ಅದಕ್ಕ, ತುರಿಕಿನೂ ಅದಕ್ಕ."

ನೀಲಗಂಗಾ ಪರದೆಯ ಮೇಲಿನ ಬೂದು ಕಲೆಯನ್ನು ಎದುರಾಳಿಯನ್ನು ಅಳೆಯುವವಳಂತೆ ನೋಡಿದಳು.

"ಹಂಗಾರ ತಡಾ ಯಾಕ್ರಿ ಡಾಕ್ಟರ್? ಕೊಯ್ದು ತಗದ ಹಾಕ್ರಿ."

"ಗಡ್ಡಿ ತನ್ನ ಜಾಗಾದಾಗ ಸುಮ್ಮನ ಕುಂತಿದ್ರ ನಾನೂ ಅದನ್ನ ಹೇಳ್ತಿದ್ದೆ. ಕಾಮಣಿ ಇದ್ರೂ ಸೀದಾ ಆಪರೇಶನ್ ಮಾಡ್ತಿದ್ದೆ. ಆದ್ರ ಇಲ್ನೋಡ್ರಿ, ಪಕ್ಕದ ದೊಡ್ಡ ರಕ್ತನಾಳಕ್ಕ ಅದು ಅಂಟಿಕೊಂಡೈತಿ. ಈಗ ಕೊಯ್ಯಾಕ ಹೋದ್ರ ಬೇರು ಒಳಗ ಉಳೀತೈತಿ. ಮೊದಲು ಔಷಧ ಕೊಟ್ಟು ಅದನ್ನ ಕುಗ್ಗಿಸಬೇಕು. ಒಂದಿಷ್ಟು ತಿಂಗಳು ಬೇಕಾಕ್ಕೈತಿ."

"ಅಲ್ಲಿತನಕ ಈ ತುರಿಕಿ?"

"ಅದಕ್ಕ ಒಬ್ಬರನ್ನ ಕರಸೇನಿ," ಎಂದು ಇಕ್ಬಾಲ್ ಬಾಗಿಲ ಕಡೆ ನೋಡಿದರು.

ಒಳಗೆ ಬಂದವಳು ಸುಗುಣಾ ಅಣ್ಣಿಗೇರಿ. ಆಕೆ ವೈದ್ಯೆಯಲ್ಲ, ಎಂಜಿನಿಯರು. ಅದೇ ಆಸ್ಪತ್ರೆಯ ಹಿಂಬದಿಯ ಪ್ರಯೋಗಾಲಯದಲ್ಲಿ ಒಂದೇ ಪ್ರಶ್ನೆಯ ಬೆನ್ನುಹತ್ತಿ ವರ್ಷಗಳನ್ನು ಕಳೆದವಳು.

ಪ್ರಶ್ನೆ ಹಳೆಯದೇ. ಪಿತ್ತ ಕಟ್ಟಿಕೊಂಡ ದೇಹ ಶಸ್ತ್ರಕ್ರಿಯೆಯನ್ನು ತಾಳಲಾರದು ಎಂದು ಹಿಂದಿನ ವೈದ್ಯರು ಎಲ್ಲರಿಗೂ ಮೊದಲು ಪಿತ್ತ ಇಳಿಸುತ್ತಿದ್ದರು. ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಕರುಳಿನ ಕಡೆಯಿಂದ ಪಿತ್ತನಾಳದೊಳಗೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಕೂರಿಸುತ್ತಿದ್ದರು. ಪಿತ್ತವೇನೋ ಇಳಿಯುತ್ತಿತ್ತು. ಆದರೆ ಪಿತ್ತ ಇಳಿಯುವ ದಾರಿಯಲ್ಲೇ ಕರುಳಿನ ಕ್ರಿಮಿಗಳು ಮೇಲೆ ಹತ್ತುತ್ತಿದ್ದವು. ಹುಟ್ಟಿದಾಗಿನಿಂದ ಕ್ರಿಮಿಯ ಸೋಂಕಿಲ್ಲದ ನಾಳದಲ್ಲಿ ನಂಜು ನಿಲ್ಲುತ್ತಿತ್ತು, ಮುಂದೆ ಶಸ್ತ್ರಕ್ರಿಯೆಯ ಗಾಯಕ್ಕೂ ಅದೇ ನಂಜು ಇಳಿಯುತ್ತಿತ್ತು. ಪಿತ್ತ ಇಳಿಸಿಕೊಂಡವರಿಗಿಂತ ಹಳದಿ ಮೈಯಲ್ಲೇ ನೇರ ಶಸ್ತ್ರಕ್ರಿಯೆಗೆ ಹೋದವರೇ ಕಡಿಮೆ ತೊಂದರೆ ಪಟ್ಟರು ಎಂಬುದು ಲೆಕ್ಕ ಹಾಕಿದಾಗ ತಿಳಿಯಿತು. ಬೇಗ ಕೊಯ್ಯಬಹುದಾದವರಿಗೆ ಕೊಳವೆ ಬೇಡ ಎಂದಾಯಿತು. ಆದರೆ ನೀಲಗಂಗಾಳಂತೆ ಮೊದಲು ಔಷಧ ತೆಗೆದುಕೊಳ್ಳಲೇಬೇಕಾದವರ ಗತಿ? ಪಿತ್ತ ತುಂಬಿದ ಯಕೃತ್ತು ಆ ಔಷಧವನ್ನು ಅರಗಿಸಲಾರದು. ಕೊಳವೆ ಬೇಕು, ನಂಜು ಬೇಡ.

ಮೇಲಿನಿಂದ ಕೆಳಕ್ಕೆ ಮಾತ್ರ ತೆರೆಯುವ, ತನ್ನ ಕಷ್ಟವನ್ನು ತಾನೇ ಹೊರಗೆ ಹೇಳುವ ಒಂದು ಬಾಗಿಲನ್ನು ನಾಳದಲ್ಲಿಟ್ಟರೆ? ಸುಗುಣಾಳ ಕೆಲಸ ಶುರುವಾದದ್ದು ಈ ಯೋಚನೆಯಿಂದ. ಅವಳು ನೇಯ್ದ ಕೊಳವೆ ಕಿರುಬೆರಳಿನಷ್ಟು ಉದ್ದದ ಲೋಹದ ಜಾಲರಿ. ಕೆಳತುದಿಯಲ್ಲಿ ರೇಷ್ಮೆಯಂಥ ಮೂರು ಎಸಳು. ಪಿತ್ತ ಮೇಲಿಂದ ಒತ್ತಿದಾಗ ಎಸಳು ಬಿಚ್ಚುತ್ತವೆ, ಕರುಳು ಕೆಳಗಿನಿಂದ ಒತ್ತಿದಾಗ ಮುಚ್ಚುತ್ತವೆ. ಜಾಲರಿಯೊಳಗೆ ಕೂದಲೆಳೆಯಂಥ ಎರಡು ತಂತಿಗಳಿದ್ದವು. ಬಲಪಕ್ಕೆಗೆ ಅಂಟಿಸಿದ ಪಟ್ಟಿಯೊಂದು ಕಿವಿಗೆ ಕೇಳದ ಶಬ್ದ ಕಳಿಸಿದಾಗ ಆ ತಂತಿಗಳು ಮರುದನಿ ಕೊಡುತ್ತಿದ್ದವು. ಒಂದರ ದನಿಯಿಂದ ಪಿತ್ತದ ಒತ್ತಡ ತಿಳಿಯುತ್ತಿತ್ತು, ಇನ್ನೊಂದರಿಂದ ಕೊಳವೆಯನ್ನು ಗಡ್ಡೆ ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬುದು. ಪ್ರಯೋಗಾಲಯದಲ್ಲಿ ಅದಕ್ಕೊಂದು ಉದ್ದನೆಯ ಹೆಸರಿತ್ತು. ರೋಗಿಗಳು ಮಾತ್ರ ಅದನ್ನು ಕೆರೆಯ ನೀರು ಬಿಡುವ ತೂಬಿಗೆ ಹೋಲಿಸಿ ‘ತೂಬು’ ಎಂದರು. ಕೊನೆಗೆ ಸುಗುಣಾಳೂ ಹಾಗೇ ಅನ್ನತೊಡಗಿದಳು.

"ಇದು ಇನ್ನೂ ಪರೀಕ್ಷಾ ಹಂತದಾಗ ಐತ್ರಿ," ಎಂದು ಆಕೆ ಮೊದಲೇ ಹೇಳಿದಳು. "ಒಲ್ಲೆ ಅಂದ್ರ ಹಳೇ ಸ್ಟೆಂಟ್ ಹಾಕ್ತಾರ. ನಾ ಒತ್ತಾಯ ಮಾಡೂದಿಲ್ಲ."

"ನಿಮಗ ಇದರ ಮ್ಯಾಲ ನಂಬಿಕಿ ಐತೇನು?" ನೀಲಗಂಗಾ ಕೇಳಿದಳು.

"ಐತ್ರಿ."

"ಹಂಗಾರ ಹಾಕ್ರಿ."

ತೂಬು ಕೂತ ಕೆಲವೇ ದಿನಗಳಲ್ಲಿ ತುರಿಕೆ ನಿಂತಿತು. ಕಣ್ಣಿನ ಬಿಳುಪು ನಿಧಾನವಾಗಿ ಮರಳಿತು. ಒಂದು ಮುಂಜಾನೆ ನೀಲಗಂಗಾ ಹಿತ್ತಲಲ್ಲಿ ಹಲ್ಲುಜ್ಜುತ್ತ ನಿಂತಾಗ ಶಿವಪುತ್ರ ಹತ್ತಿರ ಬಂದು, ಗಲ್ಲ ಹಿಡಿದೆತ್ತಿ, ಎರಡೂ ಕಣ್ಣನ್ನು ಬೆಳಕಿಗೆ ಹಿಡಿದು ನೋಡಿದ. ಒಳಗೆ ಹೋದವನು ಒಲೆಯ ಮುಂದೆ ಕೂತು ಅತ್ತುಬಿಟ್ಟ. ಆಸ್ಪತ್ರೆಯಲ್ಲಿ ಬಾರದ ಅಳು ಈಗ ಬಂತು.

ಕೀಮೋ ಔಷಧ ಆಕೆಯನ್ನು ಸುಲಭವಾಗಿ ಬಿಡಲಿಲ್ಲ. ತಣ್ಣನೆಯದು ಮುಟ್ಟಿದರೆ ಬೆರಳು ಜುಮುಗುಟ್ಟುತ್ತಿದ್ದವು, ಒಗ್ಗರಣೆಯ ವಾಸನೆಗೆ ಹೊಟ್ಟೆ ತೊಳಸುತ್ತಿತ್ತು. ಖಾನಾವಳಿಯ ಅಡುಗೆಕೋಣೆ ಅವರ ಮನೆಗೆ ಹೊಂದಿಕೊಂಡೇ ಇದ್ದುದರಿಂದ ಶಿವಪುತ್ರ ಒಗ್ಗರಣೆಯ ಒಲೆಯನ್ನು ಹಿತ್ತಲಿಗೆ ಸಾಗಿಸಿದ. ಆಕೆಗೆಂದು ಬೇರೆಯೇ ಅಡುಗೆ ಕಲಿತ. ನುಚ್ಚು ಮೆತ್ತಗೆ ಬೇಯಿಸಿ, ಮಜ್ಜಿಗೆಯಲ್ಲಿ ಕಲೆಸಿ, ಬೆಚ್ಚಗೆ ಬಟ್ಟಲಲ್ಲಿ ಹಿಡಿದು ಗರಡಿಗೇ ಒಯ್ಯುತ್ತಿದ್ದ. ಮ್ಯಾಟಿನ ಅಂಚಿಗೆ ಕುರ್ಚಿ ಹಾಕಿಕೊಂಡು ಕೂತು ಆಕೆ ಪಾಠ ಮುಂದುವರಿಸಿದ್ದಳು. ಔಷಧದ ವಾರ ಕೂತು, ಬಿಡುವಿನ ವಾರ ನಿಂತು.

ಪಕ್ಕೆಯ ಪಟ್ಟಿಯ ದನಿಗಳು ಧಾರವಾಡದ ‘ಹರಿವು ಕೋಣೆ’ಗೆ ಹೋಗುತ್ತಿದ್ದವು. ಒಂದು ಗೋಡೆಯ ತುಂಬ ಪರದೆ, ಊರೂರಿನಲ್ಲಿದ್ದ ರೋಗಿಗಳ ತೂಬುಗಳ ಏರಿಳಿತದ ಗೆರೆಗಳು. ಅವನ್ನು ಕಾಯುವ ಕಂಪ್ಯೂಟರಿನ ವ್ಯವಸ್ಥೆಗೆ ‘ಕಾವಲು’ ಎಂದು ಹೆಸರು. ತೂಬು ಪೂರ್ತಿ ಕಟ್ಟಿಕೊಂಡರೆ ಪಿತ್ತ ಇಳಿಯದೆ ನಿಂತು ಜೀವಕ್ಕೇ ಅಪಾಯ. ಅಂಥ ಹೊತ್ತಿಗೆಂದು ಕಾವಲಿಗೆ ಒಂದು ಅಧಿಕಾರ ಕೊಟ್ಟಿದ್ದರು. ಪಟ್ಟಿಯ ಮೂಲಕ ಆಜ್ಞೆ ಕಳಿಸಿ ಅದು ಎಸಳುಗಳನ್ನು ಸುರುಳಿಯಾಗಿಸಿ ದಾರಿಯನ್ನು ಪೂರ್ತಿ ಬಿಡಬಹುದಿತ್ತು. ಒಮ್ಮೆ ಸುರುಳಿಯಾದ ಎಸಳು ಮತ್ತೆ ಮುಚ್ಚಲಾರದು. ತೂಬು ಹಳೆಯ ಕಾಲದ ಕೊಳವೆಯಂತೆ ಆಗಿಬಿಡುತ್ತಿತ್ತು, ಕ್ರಿಮಿಗಳಿಗೆ ಹೆದ್ದಾರಿ.

ಔಷಧ ಅರ್ಧದಾರಿಗೆ ಬಂದಿದ್ದ ಒಂದು ಮುಂಜಾನೆ ನೀಲಗಂಗಾಳ ಗೆರೆ ಕೆಂಪಾಯಿತು.

ಪಾಳಿಯಲ್ಲಿದ್ದವನು ಸ್ಯಾಮ್ಯುವೆಲ್ ಬೆಟಗೇರಿ, ಅನುಭವಿ ನರ್ಸು. ಅವನು ಕರೆದೊಡನೆ ಸುಗುಣಾ ಓಡಿಬಂದಳು. ಪಿತ್ತದ ಒತ್ತಡ ಒಂದೇ ಸಮನೆ ಏರುತ್ತಿತ್ತು. ‘ತಡೆ ಉಂಟಾಗಿದೆ, ಎಸಳು ಪೂರ್ತಿ ಬಿಚ್ಚಲು ಸಿದ್ಧತೆ’ ಎಂದು ಕಾವಲು ಬರೆದಿತ್ತು.

ಇಕ್ಬಾಲ್ ಫೋನಿನಲ್ಲಿ ಸಿಕ್ಕರು. "ಬಿಚ್ಚಲಿ ಬಿಡ್ರಿ. ನಂಜಾದ್ರ ಔಷಧ ಕೊಡಬಹುದು. ಪಿತ್ತ ನಿಂತ್ರ ಭಾಳ ಕೆಟ್ಟ."

ಸುಗುಣಾಳ ಕಣ್ಣು ಎರಡನೆಯ ಗೆರೆಯ ಮೇಲಿತ್ತು, ಗಡ್ಡೆಯ ಹಿಡಿತ ತೋರಿಸುವ ಗೆರೆ. ಗಡ್ಡೆ ಬೆಳೆದು ಕೊಳವೆಯನ್ನು ಹಿಚುಕಿದ್ದರೆ ಅದೂ ಏರಬೇಕಿತ್ತು. ಕೊಳವೆಯೊಳಗೆ ಕೊಳೆ ಕಟ್ಟಿಕೊಂಡಿದ್ದರೆ ಅದು ಇದ್ದಲ್ಲೇ ಇರಬೇಕಿತ್ತು. ಆದರೆ ಅದು ಇಳಿದಿತ್ತು. ಹಿಂದಿನ ವಾರದಿಂದಲೇ ಮೆಲ್ಲಗೆ ಇಳಿಯುತ್ತ ಬಂದಿತ್ತು.

"ಸರ್, ಒಂದು ಗಳಿಗಿ ತಡೀರಿ," ಎಂದಳು. "ಸ್ಯಾಮ್ಯುವೆಲ್, ಕಾವಲಿನ ಆಜ್ಞಾ ನಿಲ್ಲಿಸ್ರಿ. ನನ್ನ ಹೆಸರಿಗೆ ನಿಲ್ಲಿಸ್ರಿ."

"ಮೇಡಂ, ತಪ್ಪಾತಂದ್ರ?"

"ತಪ್ಪಾದ್ರ ನಂದು. ನೀಲಗಂಗಾ ಅವ್ರಿಗೆ ವಿಡಿಯೋ ಹಚ್ರಿ."

ನೀಲಗಂಗಾ ಗರಡಿಯಲ್ಲಿದ್ದಳು. ಬಿಡುವಿನ ವಾರವಾದ್ದರಿಂದ ನಿಂತೇ ಪಾಠ ನಡೆದಿತ್ತು. ಫೋನಿನ ಹಿಂದೆ ಹುಡುಗಿಯರ ಮುಖಗಳು ಗುಂಪುಗೂಡಿದವು.

"ಜ್ವರ ಐತೇನ್ರಿ? ಚಳಿ?"

"ಇಲ್ರಿ. ಮುಂಜಾನಿಂದ ಬಲಗಡೆ ಭಾರ ಅನಸ್ತೈತಿ, ಅಷ್ಟ."

"ಹಂಗ ಮ್ಯಾಟಿನ ಮ್ಯಾಲೆ ಎಡಮಗ್ಗಲಾಗಿ ಮಲಕೊಳ್ರಿ."

ನೀಲಗಂಗಾ ಮಲಗಿದಳು. ಹಿಂದಿನಿಂದ ಒಬ್ಬ ಹುಡುಗಿಯ ದನಿ ಕೇಳಿತು: "ಯವ್ವಾ, ಅಕ್ಕಾರು ಮ್ಯಾಟಿಗೆ ಬಿದ್ದದ್ದು ಇದ ಮೊದಲ ನೋಡಿದ್ದು!"

"ಮಗ್ಗಲಾಗೇನಿ, ಬೆನ್ನ ಹಚ್ಚಿಲ್ಲ," ಎಂದು ನೀಲಗಂಗಾ ಮಲಗಿದಲ್ಲಿಂದಲೇ ಗದರಿದಳು.

ಹರಿವು ಕೋಣೆಯಲ್ಲಿ ಯಾರೂ ನಗಲಿಲ್ಲ. ಸುಗುಣಾ ಗೆರೆಯನ್ನೇ ನೋಡುತ್ತಿದ್ದಳು. ಮೊದಲು ಏನೂ ಆಗಲಿಲ್ಲ. ಆಮೇಲೆ ಏರುತ್ತಿದ್ದ ಗೆರೆ ನಿಂತಿತು, ಬಾಗಿತು, ಸರ್ರನೆ ಇಳಿಯಿತು. ಪಿತ್ತ ಹರಿಯುತ್ತಿತ್ತು.

"ಈಗ ಎದ್ದು ನಿಂದ್ರಿ."

ಗೆರೆ ಮತ್ತೆ ಏರಿತು. ಮತ್ತೆ ಮಲಗಿಸಿದಾಗ ಮತ್ತೆ ಇಳಿಯಿತು. ಸುಗುಣಾ ಕುರ್ಚಿಗೆ ಒರಗಿ ಉಸಿರು ಬಿಟ್ಟಳು.

"ಸರ್, ತೂಬು ಕಟ್ಟಿಕೊಂಡಿಲ್ಲ, ಜಾರೇತಿ. ಕೆಳಗ ಸರದು ತುದಿ ಕರುಳಿನ ಗ್ವಾಡಿಗೆ ತಾಗೇತಿ. ನಿಂತ್ರ ತಾಗತೈತಿ, ಎಡಕ್ಕ ಮಲಗಿದ್ರ ಬಿಡತೈತಿ."

"ಬಿಗಿಯಾಗಿ ಕುಂತಿದ್ದು ಯಾಕ ಜಾರಿತು?" ಇಕ್ಬಾಲ್ ಕೇಳಿದರು.

"ಹಿಡಕೊಂಡಿದ್ದು ಗಡ್ಡಿ ಅಲ್ಲೇನ್ರಿ? ಅದ ಈಗ ಹಿಡಿತ ಬಿಟ್ಟೈತಿ."

ಇಕ್ಬಾಲ್, "ಕರಸ್ರಿ ಅವರನ್ನ. ಮಲಗಿಸಿಕೊಂಡ ಬರ್ಲಿ," ಎಂದರು.

ಶಿವಪುತ್ರ ಖಾನಾವಳಿಯ ಬಾಗಿಲನ್ನು ಹಾಗೇ ಬಿಟ್ಟು ಆಂಬುಲೆನ್ಸ್ ಹತ್ತಿದ. ದಾರಿಯುದ್ದಕ್ಕೂ ಹೆಂಡತಿ ಬಲಕ್ಕೆ ಹೊರಳದಂತೆ ಭುಜ ಹಿಡಿದು ಕೂತಿದ್ದ. ಮಧ್ಯಾಹ್ನದ ಹೊತ್ತಿಗೆ ಹೊಸ ಸ್ಕ್ಯಾನ್ ಇಕ್ಬಾಲರ ಪರದೆಯ ಮೇಲಿತ್ತು. ಗಡ್ಡೆ ಕುಗ್ಗಿತ್ತು. ಹಿಂದೆ ರಕ್ತನಾಳಕ್ಕೆ ಅಂಟಿಕೊಂಡಿದ್ದ ಕಡೆ ಈಗ ಉಗುರಿನ ಅಂಚಿನಂಥ ತೆಳ್ಳನೆಯ ಸಂದು ಕಾಣುತ್ತಿತ್ತು.

ಈಗ ಎರಡು ದಾರಿ ಇದ್ದವು. ಯೋಜನೆಯ ಪ್ರಕಾರ ಔಷಧದ ಸುತ್ತುಗಳು ಇನ್ನೂ ಬಾಕಿ ಇದ್ದವು. ಜಾರಿದ ತೂಬನ್ನು ತೆಗೆದು ಸ್ವಲ್ಪ ದಪ್ಪನೆಯದನ್ನು ಹಾಕಿ ಮುಂದುವರಿಯಬಹುದು. ಅಥವಾ ರಕ್ತ ತಿಳಿಯಾಗಿರುವಾಗಲೇ, ಸಂದು ಕಾಣುತ್ತಿರುವಾಗಲೇ ಶಸ್ತ್ರಕ್ರಿಯೆ ಮಾಡಿ, ಉಳಿದ ಔಷಧವನ್ನು ಆಮೇಲೆ ಕೊಡಬಹುದು.

ಸುಗುಣಾಳಿಗೆ ಇನ್ನೊಂದು ವಿಷಯವೂ ಗೊತ್ತಿತ್ತು. ಹೊಸ ತೂಬು ಹಾಕಿದರೆ ಪರೀಕ್ಷೆಯ ನಿಯಮದಂತೆ ಅದು ‘ಮರುಜೋಡಣೆ’. ಔಷಧದ ಸುತ್ತುಗಳು ಮುಗಿಯುವ ಮೊದಲೇ ತೆಗೆದುಬಿಟ್ಟರೆ ‘ವಿಫಲ’. ಜಾರಿ ವಿಫಲವಾದವು ಆಗಲೇ ಮಿತಿಯ ಅಂಚಿಗೆ ಬಂದಿದ್ದವು. ಇದೊಂದು ಸೇರಿದರೆ ತೂಬಿನ ಬಳಕೆಗೆ ಒಪ್ಪಿಗೆ ಸಿಗುವುದಿಲ್ಲ. ತೂಬಿಗಾಗಿ ಕಾದಿರುವ ಎಷ್ಟೋ ಊರಿನ ಆಸ್ಪತ್ರೆಗಳು ಇನ್ನೂ ಕಾಯಬೇಕಾಗುತ್ತಿತ್ತು. ಇಕ್ಬಾಲರಿಗೂ ಇದು ಗೊತ್ತಿತ್ತು.

ಇಬ್ಬರೂ ವಾರ್ಡಿಗೆ ಹೋಗಿ ಎರಡೂ ದಾರಿಗಳನ್ನು ನೀಲಗಂಗಾಳ ಮುಂದಿಟ್ಟರು. ಆಕೆ ಎಡಮಗ್ಗಲಾಗಿಯೇ ಮಲಗಿ ಕೇಳಿಸಿಕೊಂಡಳು.

"ಹೊಸಾ ತೂಬ ಹಾಕಿದ್ರ ನಂಗೇನ ಲಾಭ?" ಎಂದು ಸುಗುಣಾಳನ್ನು ಕೇಳಿದಳು.

ಸುಗುಣಾ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತಳು. "ನಿಮಗೇನೂ ಇಲ್ರಿ. ಮತ್ತೊಮ್ಮೆ ಬಾಯಾಗ ಎಂಡೋಸ್ಕೋಪ್, ಮತ್ತೊಮ್ಮೆ ನಂಜಿನ ಭಯ. ಲಾಭ ಆದ್ರ ನಂಗ ಐತಿ. ನನ್ನ ತೂಬು ಸೋತಿಲ್ಲ ಅಂತ ತೋರಸಬಹುದು. ಅದನ್ನ ತಗಸ್ರಿ. ಅದರ ಕೆಲಸ ಮುಗದೈತಿ."

ನೀಲಗಂಗಾ ಇಕ್ಬಾಲರ ಕಡೆ ತಿರುಗಿ, "ನಾ ಮೊದಲನೇ ದಿನಾನ ಹೇಳಿದ್ನೆಲ್ರಿ, ಕೊಯ್ದು ತಗದ ಹಾಕ್ರಿ ಅಂತ," ಎಂದಳು.

"ಅವತ್ತು ನೀವು ಹೇಳಿದ್ದು ತಪ್ಪಿತ್ತು," ಇಕ್ಬಾಲ್ ನಕ್ಕರು. "ಇವತ್ತು ಸರಿ ಐತಿ."

ಶಸ್ತ್ರಕ್ರಿಯೆ ದೊಡ್ಡದು. ಗ್ರಂಥಿಯ ತಲೆ, ಅದನ್ನು ಸುತ್ತಿದ ಕರುಳಿನ ತುಂಡು, ಪಿತ್ತನಾಳದ ಕೆಳಭಾಗ, ಪಿತ್ತಕೋಶ ಎಲ್ಲವನ್ನೂ ತೆಗೆದು, ಉಳಿದದ್ದನ್ನು ಹೊಸದಾಗಿ ಜೋಡಿಸಬೇಕು. ಹೊರಗೆ ಬೆಂಚಿನ ಮೇಲೆ ಶಿವಪುತ್ರ ಕಾದ. ತನ್ನ ಕೆಲಸವೇನೂ ಇಲ್ಲದಿದ್ದರೂ ಸುಗುಣಾ ಬಂದು ಪಕ್ಕದಲ್ಲಿ ಕೂತಳು. ಬಹಳ ಹೊತ್ತಿನ ಮೇಲೆ ಅವನು ಚೀಲದಿಂದ ಬಟ್ಟೆಯ ಗಂಟು ತೆಗೆದ. ಕಟಕ ರೊಟ್ಟಿ, ಶೇಂಗಾ ಚಟ್ನಿ.

"ತಿನ್ರಿ. ಮುಂಜಾನಿಂದ ಏನೂ ತಿಂದಿಲ್ಲ ನೀವು."

"ನೀವೂ ತಿಂದಿಲ್ಲ."

"ನಂಗ ಇಳಿಯೂದಿಲ್ರಿ. ಯಾರರ ತಿನ್ನೂದು ನೋಡಿದ್ರ ಜೀವಕ್ಕ ಸಮಾಧಾನ. ಖಾನಾವಳಿ ನಡಸಾಂವ ನಾ."

ಸುಗುಣಾ ರೊಟ್ಟಿ ಮುರಿದಳು. ಅವಳು ತಿನ್ನುವುದನ್ನು ನೋಡುತ್ತ ನೋಡುತ್ತ ಅವನೂ ಒಂದು ತುಣುಕು ಬಾಯಿಗಿಟ್ಟುಕೊಂಡ.

ಸಂಜೆಯ ಬೆಳಕು ಕಾರಿಡಾರಿಗೆ ಬೀಳುವ ಹೊತ್ತಿಗೆ ಇಕ್ಬಾಲ್ ಟೋಪಿ ಕಳಚುತ್ತ ಹೊರಬಂದರು. "ರಕ್ತನಾಳಕ್ಕ ಒಂದು ಗೀರೂ ಬೀಳಲಿಲ್ಲ," ಎಂದರು. "ಗಡ್ಡಿ ಸಲೀಸಾಗಿ ಬಿಟ್ಟ ಬಂತು." ಶಿವಪುತ್ರ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಕೈ ತುಂಬ ಚಟ್ನಿ ಪುಡಿ ಇದ್ದದ್ದು ಇಬ್ಬರಿಗೂ ಆಮೇಲೆ ತಿಳಿಯಿತು.

ಗಡ್ಡೆಯ ಅಂಚುಗಳಲ್ಲಿ ರೋಗದ ಕಣ ಉಳಿದಿಲ್ಲವೆಂದು ವರದಿ ಬಂತು. ಸುಗುಣಾ ಕಾದಿದ್ದ ವರದಿ ಇನ್ನೊಂದು. ನಾಳದಿಂದ ತೆಗೆದ ಪಿತ್ತವನ್ನು ಪ್ರಯೋಗಾಲಯದಲ್ಲಿ ಬೆಚ್ಚಗಿಟ್ಟು ಕ್ರಿಮಿ ಬೆಳೆಯುವುದೇ ಎಂದು ನೋಡಿದ್ದರು. ದಿನಗಳು ಕಳೆದರೂ ಒಂದೂ ಬೆಳೆಯಲಿಲ್ಲ. ತಿಂಗಳುಗಟ್ಟಲೆ ಕರುಳಿಗೆ ಬಾಯಿ ತೆರೆದುಕೊಂಡಿದ್ದ ನಾಳದ ಪಿತ್ತ ಅಷ್ಟು ಶುದ್ಧವಾಗಿತ್ತು. ಅವಳು ಎದ್ದು ಹೋಗಿ ಆ ಗಾಜಿನ ತಟ್ಟೆಯನ್ನು ತಾನೇ ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. ಅನಂತರ ತನ್ನ ಮೇಜಿಗೆ ಮರಳಿ ನೀಲಗಂಗಾಳ ಹೆಸರಿನ ಮುಂದೆ ‘ವಿಫಲ’ ಎಂದು ನಮೂದಿಸಿದಳು. ನಿಯಮ ನಿಯಮವೇ.

ಒಪ್ಪಿಗೆ ಆ ವರ್ಷ ಸಿಗಲಿಲ್ಲ. ಸುಗುಣಾ ಎದೆಗುಂದಲಿಲ್ಲ. ಹಿಂದೆ ಜಾರಿದ್ದ ತೂಬುಗಳ ಎರಡೆರಡು ಗೆರೆಗಳನ್ನೂ ಹೊರತೆಗೆದು ಮತ್ತೆ ಓದಿದಳು. ಇಕ್ಬಾಲರೂ ಕೂತರು. ಹೆಚ್ಚಿನವರಲ್ಲಿ ತೂಬು ಜಾರಿದ್ದು ಗಡ್ಡೆ ಕುಗ್ಗಿದ್ದರಿಂದ, ಅದೂ ಸ್ಕ್ಯಾನಿನಲ್ಲಿ ಕಾಣುವ ಮೊದಲೇ. ಇಲ್ಲಿಯವರೆಗೆ ಎಲ್ಲರೂ ಹೊಸ ತೂಬನ್ನೋ ಹಳೆಯ ಬಗೆಯ ಸ್ಟೆಂಟನ್ನೋ ಹಾಕಿ, ಶಸ್ತ್ರಕ್ರಿಯೆಗೆ ಇದ್ದ ಒಳ್ಳೆಯ ಹೊತ್ತನ್ನು ಕೈಬಿಟ್ಟು ಔಷಧ ಮುಂದುವರಿಸಿದ್ದರು. ಯಾವಾಗ ಕೊಯ್ಯಬೇಕು ಎಂಬುದನ್ನು ತಾರೀಕು ಹೇಳಬೇಕಿಲ್ಲ, ಗಡ್ಡೆಯ ಹಿಡಿತವೇ ಹೇಳುತ್ತದೆ ಎಂದು ಅವಳು ತಜ್ಞರ ಸಭೆಯ ಮುಂದೆ ನಿಂತು ವಾದಿಸಿದಳು. "ನೀವು ಸೋಲು ಅಂತ ಕರೆದದ್ದು ಸೂಚನೆ," ಎಂದಳು. ಮರುವರ್ಷ ಒಪ್ಪಿಗೆ ಬಂತು, ಕಾವಲಿನ ನಿಯಮವನ್ನೂ ಬದಲಿಸಿಕೊಂಡು ಬಂತು. ಹಿಡಿತದ ಗೆರೆ ಇಳಿದರೆ ಈಗ ಅದು ಎಸಳು ಬಿಚ್ಚುವುದಿಲ್ಲ, ಶಸ್ತ್ರವೈದ್ಯರನ್ನು ಕರೆಯುತ್ತದೆ. ತಕ್ಷಣ ಕೊಯ್ಯಬಹುದಾದವರಿಗೆ ಮಾತ್ರ ತೂಬು ಬೇಡವೇ ಬೇಡ ಎಂಬ ಸಾಲನ್ನು ಅದರ ಪೆಟ್ಟಿಗೆಯ ಮೇಲೆ ಸುಗುಣಾ ತಾನೇ ಹಟ ಹಿಡಿದು ಬರೆಸಿದಳು.

ಆದರೂ ಗೆರೆ ಕೆಂಪಾದೊಡನೆ ಹರಿವು ಕೋಣೆಯಿಂದ ಬರುವ ಫೋನಿಗೆ ರೋಗಿಗಳು ನಡುಗಿಹೋಗುತ್ತಿದ್ದರು. ಒಳಗಿಟ್ಟ ವಸ್ತು ಜಾರಿದೆ ಎಂದರೆ ಯಾರಿಗೆ ಹೆದರಿಕೆಯಾಗುವುದಿಲ್ಲ? ಆ ಕರೆಗಳನ್ನು ಸ್ಯಾಮ್ಯುವೆಲ್ ಈಗ ಗದಗಿಗೆ ಜೋಡಿಸತೊಡಗಿದ. ರಾಯಚೂರಿನ ಹಮೀದಸಾಬ್ ಎಂಬ ಟೈಲರನ ತೂಬು ಜಾರಿದ ಸಂಜೆಯೂ ಹಾಗೇ ಮಾಡಿದ.

"ನಾ ಗದಗಿನಿಂದ ನೀಲಗಂಗಾ ಮಾತಾಡಾಕತ್ತೀನ್ರಿ ಅಣ್ಣಾರ," ಎಂದಿತು ಫೋನಿನ ದನಿ. "ಹೆದರಬ್ಯಾಡ್ರಿ, ಛಲೋ ಸುದ್ದಿ ಐತಿ. ನಿಮ್ಮ ಗಡ್ಡಿ ಹಿಡಿತ ಬಿಟ್ಟೈತಿ. ಬಟ್ಟಿ ಗಂಟು ಕಟ್ಟಿಕೊಂಡು ಆಪರೇಶನ್ನಿಗೆ ನಡೀರಿ."

"ನಿಮಗೂ ಹಿಂಗ ಆಗಿತ್ತೇನಮ್ಮಾ?" ಹಮೀದಸಾಬ್ ಕೇಳಿದರು.

"ಆಗಿತ್ರಿ."

"ಆಮ್ಯಾಲೆ? ಈಗ ಹೆಂಗದೀರಿ? ಏನ ಮಾಡ್ತೀರಿ?"

"ಈಗಾ? ಕುಸ್ತಿ ಆಡಾಕತ್ತೀನ್ರಿ," ಎಂದಳು ನೀಲಗಂಗಾ. "ಫೋನ್ ಇಡ್ಲೇನ್ರಿ? ಇಲ್ಲೊಬ್ಬಾಕಿ ನನ್ನ ಕಾಲ ಹಿಡದು ಕುಂತಾಳ, ಕೆಡವಬೇಕು."